ಗಂಟೆಯ ಫೈಲು ಎಲ್ಲಿಡಬೇಕು, ಗುರುಸಿದ್ಧ

ಹಿರಿಯೂರಿನ ದಾಕ್ಷಾಯಣಮ್ಮ ಗಟ್ಟಿಗಿತ್ತಿ. ಶಾಲೆಗಳಲ್ಲಿ ಹೊತ್ತಿಗೆ ಸರಿಯಾಗಿ ತಾನೇ ಗಂಟೆ ಬಾರಿಸುವ ಸಾಫ್ಟ್‌ವೇರ್ ಬರೆದವಳು. ಅವಳ ಮಗ ಗುರುಸಿದ್ಧನೋ, ಕೂತ್ಕೋ ಅಂದರೆ ಕೆಸರಿದ್ದರೂ ನಿಂತಲ್ಲೇ ಕೂರುವವನು. ಇವನನ್ನು ಹೇಗಪ್ಪ ದಡ ಸೇರಿಸುವುದು ಅಂತ ತಾಯಿಗೆ ಅದೇ ಚಿಂತೆ. ಕೈಗೊಂದು ಕೆಲಸವಿರಲಿ ಅಂತ ಊರಿನ ಶಾಲೆಗೆ ಹೊಸ ಆವೃತ್ತಿ ಹಾಕಿ ಬರಲು ಅವನನ್ನೇ ಕಳಿಸಿದಳು. ಗಂಟೆಯ ವೇಳೆ ಬರೆದಿರುವ ನಮ್ಮ ಫೈಲನ್ನು ಶಾಲೆಯ ಸೆಟ್ಟಿಂಗ್ಸ್ ಫೋಲ್ಡರಿನಲ್ಲಿ ಇಡು ಅಂದಳು.

ಇಟ್ಟ. ಅಲ್ಲಿ ಹೆಡ್‌ಮಿಸ್ ರುದ್ರಾಂಬ ಪರೀಕ್ಷೆಗೆಂದು ತಾವೇ ತಿದ್ದಿದ್ದ ವೇಳೆಯ ಫೈಲು ಇತ್ತು. ಅದರ ಮೇಲೆಯೇ ಇಟ್ಟ, ಅವರದು ಅಳಿಸಿಹೋಯಿತು. ಗಣಿತದ ಪರೀಕ್ಷೆಯ ನಡುವೆ ಊಟದ ಗಂಟೆ ಹೊಡೆದು ಮಕ್ಕಳು ತಟ್ಟೆ ಹಿಡಿದು ಓಡಿದರು. ಇನ್ನೊಮ್ಮೆ ಹೀಗಾದರೆ ನಿಮ್ಮ ಸಾಫ್ಟ್‌ವೇರೇ ಬೇಡ ಅಂದರು ರುದ್ರಾಂಬ.

ತಾಯಿ ಬೈದಳು. ಅವರು ಬರೆದದ್ದನ್ನು ಮುಟ್ಟಬಾರದು ಕಣೋ, ನಮ್ಮ ಫೈಲನ್ನು ಬೇರೆ ಕಡೆ ಇಡು ಅಂದಳು.

ಇಟ್ಟ. ಪೆನ್‌ಡ್ರೈವಿನ ಸಮೇತ ಮನೆಯ ಅಕ್ಕಿ ಡಬ್ಬದಲ್ಲಿ ಇಟ್ಟು, ಬರಿಗೈಲಿ ಪಕ್ಕದ ಹೊಸ ಶಾಲೆಗೆ ಹೋದ. ಅಲ್ಲಿ ಶಾಲೆಯವರ ಫೈಲೂ ಇಲ್ಲ, ಇವರದೂ ಇಲ್ಲ. ಗಂಟೆ ಹೊಡೆಯಲೇ ಇಲ್ಲ. ಹೊತ್ತು ಮುಳುಗಿದರೂ ಮೇಷ್ಟ್ರು ಪಾಠ ಮಾಡುತ್ತಲೇ ಇದ್ದರು.

ತಾಯಿ ಹಣೆ ಚಚ್ಚಿಕೊಂಡಳು. ಪ್ರೋಗ್ರಾಮನ್ನೇ ತಿದ್ದಿ, ಮಗನನ್ನು ಎದುರು ಕೂರಿಸಿಕೊಂಡಳು.

“ನಮ್ಮದು ಪ್ರೋಗ್ರಾಂ ಇರುವ ಜಾಗದಲ್ಲೇ ಇರಲಿ. ಅವರ ಫೋಲ್ಡರು ಅವರದು. ಅವರು ಬೇರೆ ಏನಾದರೂ ಹೇಳಿದರೆ ಅವರ ಮಾತೇ ನಡೆಯಬೇಕು. ಏನೂ ಹೇಳದಿದ್ದರೆ ಮಾತ್ರ ನಮ್ಮದು.”

ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡುತ್ತ ಹೋದ ಗುರುಸಿದ್ಧ, ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ. ಹೊಸ ಶಾಲೆಯಲ್ಲಿ ಗಂಟೆ ಹೊಡೆಯಿತು. ರುದ್ರಾಂಬ ಮತ್ತೆ ತಿದ್ದಿಕೊಂಡ ವೇಳೆ, ಎಷ್ಟು ಆವೃತ್ತಿ ಬಂದರೂ ಅಲುಗಲಿಲ್ಲ. ಸುದ್ದಿ ಹಬ್ಬಿ ತಾಲ್ಲೂಕಿನ ಶಾಲೆಗಳೆಲ್ಲ ಅದೇ ಸಾಫ್ಟ್‌ವೇರ್ ಕೇಳಿ ಹಾಕಿಸಿಕೊಂಡವು. ರುದ್ರಾಂಬ ಅವನನ್ನು ವೇದಿಕೆಗೆ ಕರೆದು ಹಾರ ಹಾಕಿ ಶಾಲು ಹೊದಿಸಿದರು. ಮಕ್ಕಳ ಚಪ್ಪಾಳೆಗೆ ಹೆಂಚು ಹಾರಿಹೋಗುವಂತಾಯಿತು. ದಾಕ್ಷಾಯಣಮ್ಮನ ಕಣ್ಣು ತುಂಬಿತು.

“ಇವತ್ತಿನಿಂದ ಈ ಶಾಲೆಯೇ ನಿನ್ನ ಮನೆ, ಗುರುಸಿದ್ಧ,” ಅಂದರು ರುದ್ರಾಂಬ ಮೈಕಿನಲ್ಲಿ.

ಸಭೆ ಮುಗಿದು, ಟೀಚರುಗಳ ಜೊತೆ ಚಹಾ ಕುಡಿದು ತಾಯಿ ಹೊರಗೆ ಬಂದರೆ, ಗೇಟಿನೊಳಗೆ ಟೆಂಪೋ ನುಗ್ಗುತ್ತಿದೆ. ಅದರಲ್ಲಿ ಅವಳ ಮಂಚ, ಒರಳು, ಒಲೆ, ಸೀರೆಯ ಟ್ರಂಕು. ಎಲ್ಲದರ ಮೇಲೆ ಹಾರ ಶಾಲಿನ ಸಮೇತ ಮಗ, ದಿಗ್ವಿಜಯ ಮುಗಿಸಿದ ದೊರೆಯಂತೆ.

ಏನೋ ಇದು ಅಂದಳು ತಾಯಿ.

“ನಮ್ಮ ಮನೆ ನಮ್ಮ ಜಾಗದಲ್ಲೇ ಇದೆ ಅವ್ವ, ಅಲುಗಿಸಿಲ್ಲ. ಆದರೆ ಇವರು ಬೇರೆ ಹೇಳಿದರಲ್ಲ.”

ಹಾಗಂದವನೇ ಹೆಡ್‌ಮಿಸ್ಸರ ಕೋಣೆಯಲ್ಲಿ ಒಲೆ ಹೂಡಿ, ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿದ.