ಎದುರಂಗಡಿಯ ಮದುಮಗಳು

ಇನ್ನೊಂದು ಸಲ ಯಾರಾದರೂ ನೀರು ಬೇಕು, ಸೊಳ್ಳೆ ಕಚ್ಚಿತು ಅಂದರೆ ನಾನು ಎದ್ದು ಹೋಗುತ್ತೇನೆ. ಮೂರು ಸಲ ಹಾಲಮ್ಮ ಅಂತ ಶುರುಮಾಡಿದೆ, ಮೂರು ಸಲವೂ ಬಾಯಿ ಹಾಕಿದಿರಿ. ಈಗ ಸುಮ್ಮನೆ ಕೇಳಿ.

ಹಾಲಮ್ಮನಿಗೆ ಒಬ್ಬನೇ ಮಗ, ತಿಪ್ಪೇಶ. ಆಳು ಬಾಗಿಲೆತ್ತರ ಬೆಳೆದಿದ್ದ, ಬುದ್ಧಿ ಮೊಣಕಾಲಿಗೇ ನಿಂತಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ. ಗಂಡ ತೀರಿಕೊಂಡ ಮೇಲೆ ಅವನ ಫೋಟೋ ಸ್ಟುಡಿಯೋ ಇವರಿಬ್ಬರ ಪಾಲಿಗೆ ಬಂತು. ಹೇಗೋ ನಡೆಸುತ್ತಿದ್ದರು. ಅಷ್ಟರಲ್ಲಿ ಓರಗಿತ್ತಿ ಓಂಕಾರಮ್ಮ ಸರಿಯಾಗಿ ಎದುರಿಗೇ ತನ್ನ ಮಗನಿಗೂ ಒಂದು ಸ್ಟುಡಿಯೋ ಹಾಕಿಸಿಕೊಟ್ಟಳು. ಗಾಜಿನ ಬಾಗಿಲು, ಒಳಗೆ ತಂಪು ಗಾಳಿ, ಹೊರಗೆ ಅವಳ ಸೊಸೆಯದೇ ಆಳೆತ್ತರದ ಮದುವೆ ಫೋಟೋ. ಅಲ್ಲೊಂದು ಕಾರು ನಿಂತರೆ ಹಾಲಮ್ಮನಿಗೆ ಅವತ್ತು ಅನ್ನ ಇಳಿಯುತ್ತಿರಲಿಲ್ಲ.

ಮೊದಲು ಬಂದ ಮದುಮಗಳ ಮುಖಕ್ಕೆ ಚೆನ್ನಾಗಿ ಬೆಳಕು ಹಾಕು ಅಂದಳು ಹಾಲಮ್ಮ. ತಿಪ್ಪೇಶ ಇದ್ದ ಮೂರೂ ಲೈಟನ್ನು ಹುಡುಗಿಯ ಮೂಗಿನ ಮುಂದೆ ತಂದಿಟ್ಟ. ಕಣ್ಣು ಮುಚ್ಚಿಹೋಯಿತು, ಮುಖ ಸುಣ್ಣ ಬಳಿದ ಹಾಗೆ ಬಂತು.

“ಮುಖಕ್ಕೆ ಹಿಡಿಯಬಾರದೋ ಮಂಕೆ. ಗೋಡೆಗೆ ತಿರುಗಿಸು, ಗೋಡೆಗೆ ಬಿದ್ದ ಬೆಳಕು ಮುಖಕ್ಕೆ ಬರುತ್ತೆ. ಎದುರಂಗಡಿಯವನು ಹಾಗೇ ಮಾಡೋದು.”

“ಆಗಲಿ ಅವ್ವ,” ಅಂದ.

ಎರಡನೆಯ ಮದುಮಗಳು ಮನೆಗೇ ಕರೆಸಿದಳು. ಸಂಜೆ ಹೊತ್ತು, ಅಂಗಳದಲ್ಲಿ ಕುರ್ಚಿ. ತಿಪ್ಪೇಶ ಗೋಡೆ ಹುಡುಕಿದ. ಅವಳ ಬೆನ್ನ ಹಿಂದೆ, ದೂರದಲ್ಲಿ, ದನದ ಕೊಟ್ಟಿಗೆಯ ಗೋಡೆ ಸಿಕ್ಕಿತು. ಮೂರೂ ಲೈಟನ್ನು ಹೊತ್ತುಕೊಂಡು ಹೋಗಿ ಅದಕ್ಕೇ ತಿರುಗಿಸಿದ. ಫೋಟೋದಲ್ಲಿ ಗೋಡೆಗೆ ತಟ್ಟಿದ ಬೆರಣಿಯ ಮೇಲಿನ ಬೆರಳಚ್ಚನ್ನೂ ಎಣಿಸಬಹುದಿತ್ತು. ಮುಂದೆ ಕುಳಿತವಳು ಮಾತ್ರ ಕರಿ ಮೂಟೆ.

ಹಾಲಮ್ಮ ಹಣೆ ಚಚ್ಚಿಕೊಂಡಳು. ಮುಖದಲ್ಲಿ ಕಪ್ಪು ಕಂಡರೆ ಕಂಪ್ಯೂಟರಿನಲ್ಲಿ ಅಳಿಸಬೇಕು, ಒಂದು ಚುಕ್ಕೆಯೂ ಉಳಿಯಬಾರದು ಅಂತ ಬೈದಳು.

“ಆಗಲಿ ಅವ್ವ,” ಅಂದ.

ಮೂರನೆಯವಳದು ತಾಳಿ ಕಟ್ಟಿದ ಮರುದಿನದ ಫೋಟೋ. ತಿಪ್ಪೇಶ ಕಪ್ಪನ್ನು ಹುಡುಕಿ ಹುಡುಕಿ ಅಳಿಸಿದ. ಕೆನ್ನೆಯ ದೃಷ್ಟಿಬೊಟ್ಟು ಹೋಯಿತು, ಹುಬ್ಬು ಹೋಯಿತು, ಕಣ್ಣಗುಡ್ಡೆ ಹೋಯಿತು. ಕೈ ತಡೆಯದೆ ಕೆಳಗಿಳಿದು ಕೊರಳಿನ ಕರಿಮಣಿಯನ್ನೂ ಅಳಿಸಿದ. ಮದುಮಗನ ತಾಯಿ ಅಂಗಡಿಗೆ ಬಂದು ಕೂತುಬಿಟ್ಟಳು. ನಿನ್ನೆ ಕಟ್ಟಿದ್ದನ್ನು ಇವತ್ತೇ ಕಳಚಿದೆಯಲ್ಲೋ, ನನ್ನ ಮಗ ಬದುಕಿರೋದು ನಿನಗೆ ಬೇಡವಾ ಅಂತ ಅತ್ತಳು. ಬೀದಿಯಾಚೆ ಓಂಕಾರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹಾಲಮ್ಮನಿಗೆ ಆ ಅಳುವಿಗಿಂತ ಈ ನಗು ಹೆಚ್ಚು ಚುಚ್ಚಿತು.

ಆಮೇಲೆ ಅಕ್ಕಿ ಗಿರಣಿಯವರ ಮಗಳು ಬಂದಳು. ಛತ್ರದ ಬಾಗಿಲಿಗೆ ನಿಲ್ಲಿಸುವ ದೊಡ್ಡ ಫೋಟೋ. ಇದೊಂದು ಚೆನ್ನಾಗಿ ಬಂದರೆ ಅಂಗಡಿ ಉಳಿದೀತು, ಕೆಟ್ಟರೆ ಬೀಗ. ಹಾಲಮ್ಮ ಮಗನನ್ನು ಬಾಗಿಲಿಗೆ ಎಳೆದು ತಂದು ಎದುರಿನ ಫೋಟೋ ತೋರಿಸಿದಳು.

“ಅದನ್ನ ನೋಡು. ಹಾಗೇ ಬರಬೇಕು. ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು.”

“ಆಗಲಿ ಅವ್ವ,” ಅಂದ.

ಹುಡುಗಿ ಒಳಗೆ ಎರಡು ಗಂಟೆ ಕೂತಿದ್ದಳು. ಹಾಲಮ್ಮ ಅಷ್ಟೂ ಹೊತ್ತು ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಂತಿದ್ದಳು. ಗಿರಣಿಯವರ ಕಾರು ತನ್ನ ಅಂಗಡಿ ಮುಂದೆ ನಿಂತಿದ್ದನ್ನು ಓಂಕಾರಮ್ಮ ನೋಡಿದಳೋ ಇಲ್ಲವೋ, ಅದೇ ಅವಳ ಚಿಂತೆ.

ಮದುವೆಯ ಹಿಂದಿನ ದಿನ ಹುಡುಗಿಯ ಸೋದರಮಾವ ಬಂದು ಫೋಟೋದ ಕಾಗದ ಬಿಚ್ಚಿದ. ಸೀರೆ ಅವಳದೇ, ಒಡವೆ ಅವಳದೇ. ಮುಖ ಮಾತ್ರ ಓಂಕಾರಮ್ಮನ ಸೊಸೆಯದು.

“ಗಂಡಿನ ಕಡೆಯವರು ಇದನ್ನ ನೋಡಿದರೆ ಯಾವ ಹೆಣ್ಣನ್ನ ಕೇಳ್ತಾರೆ, ಹಾಲಮ್ಮ?” ಅಂದ ಆತ. ಸಂಜೆಯೊಳಗೆ ಸರಿ ಮಾಡಿಕೊಡದಿದ್ದರೆ ಎದುರಂಗಡಿಗೇ ಹೋಗುತ್ತೇನೆ ಅಂತ ಹೇಳಿ ಎದ್ದ.

ಹಾಲಮ್ಮ ಮಗನ ಕಿವಿ ಹಿಡಿದಳು. ಮೊದಲು ತೆಗೆದದ್ದು ಎಲ್ಲಿ ಅಂದಳು. ಅಳಿಸಿದೆ ಅಂದ. ಅದರಲ್ಲಿ ತುಂಬ ವ್ಯತ್ಯಾಸ ಇತ್ತಂತೆ. ಹುಡುಗಿ ಹೇಗಿದ್ದಳು ಅಂದರೆ ತಾನು ಲೈಟು ನೋಡುತ್ತಿದ್ದೆ, ಹುಡುಗಿಯನ್ನಲ್ಲ ಅಂದ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಕೈ ಒರೆಸಿಕೊಂಡು, ಕಲಿಯುವವನ ಹಾಗೆ ಅವ್ವನ ಮುಖ ನೋಡಿದ.

“ನೀನು ಇಲ್ಲೇ ಇದ್ದೆಯಲ್ಲ ಅವ್ವ. ಆ ಹುಡುಗಿಯ ಮುಖ ಹೇಗಿತ್ತು ಹೇಳು, ಹಾಗೇ ಮಾಡ್ತೀನಿ.”