ತಂಗಿಯ ಮನೆಯ ಒಲೆ ಆರಿದ್ದು

ಮಾರ್ಚ್ ಹದಿನಾಲ್ಕು, ಶನಿವಾರ. ಬೆಳಿಗ್ಗೆಯಿಂದ ಮೋಡ. ಎಲೆ ಅಲ್ಲಾಡದಷ್ಟು ಸೆಖೆ.

ಈಳಿಗೆಮಣೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಹೆಚ್ಚುತ್ತಿದ್ದ ಸುರಗಿ ಬೆರಳು ಕೊಯ್ದುಕೊಂಡಳು. ಬಾಯಿಗಿಟ್ಟುಕೊಂಡವಳೇ ಬೆಚ್ಚಿದಳು.

"ತಾತ, ರಕ್ತ ಕಿಟಕಿ ಸರಳಿನ ಹಾಗಿದೆ!"

"ಸರಳನ್ನು ಯಾವಾಗ ನೆಕ್ಕಿದ್ದೆ?"

"ಅದು ಬಿಡಿ. ನನ್ನೊಳಗೆ ಕಬ್ಬಿಣ ಹೇಗೆ ಬಂತು?"

ತಾತ ಬೆರಳಿಗೆ ಬಟ್ಟೆ ಸುತ್ತುತ್ತಾ ಹೇಳಿದರು.

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಕಡಲಿನಲ್ಲಿ ಅಕ್ಕ, ತಂಗಿ ಇಬ್ಬರಿದ್ದರು. ಇಬ್ಬರದೂ ಒಂದೇ ತರಹದ ಮನೆ. ನಾಲ್ಕು ಮೂಲೆ, ನಡುವೆ ಒಂದೇ ಒಂದು ಮಣೆ. ಎರಡು ಮನೆಯಲ್ಲೂ ಆ ಮಣೆಯ ಮೇಲೆ ಒಬ್ಬೊಬ್ಬ ಮೆಗ್ನೀಸಿಯಮ್ಮ ಕೂತಿದ್ದಳು.

"ಅಮ್ಮನಾ?"

"ಸ್ಕೂಲಿನಲ್ಲಿ ಮೆಗ್ನೀಸಿಯಮ್ ಅಂತಾರೆ. ಮನೆಯಲ್ಲಿ ಅಮ್ಮ."

ಅವಳ ಮೇಲೆ ಬಿಸಿಲು ಬಿದ್ದರೆ ಸಾಕು, ಮನೆಯೆಲ್ಲ ಹಸಿರಾಗಿ ಒಲೆ ಉರಿಯುತ್ತಿತ್ತು. ಸಕ್ಕರೆ ಬೇಯುತ್ತಿತ್ತು. ಒಲೆಯಿಂದ ಎದ್ದ ಪ್ರಾಣವಾಯು "ಬರ್ತೀನಿ" ಅನ್ನುತ್ತಾ ಹೊರಗೆ ನಡೆಯುತ್ತಿತ್ತು.

ತಂಗಿಗೆ ಒಂದು ಮಗುವಿತ್ತು. ಒಂದು ಕಡೆ ಕೂರದ ಮಗು. ಓಡಿತು, ಈಜಿತು, ದಪ್ಪಗೆ ಬೆಳೆಯಿತು. ಬೆಳೆದಷ್ಟೂ ಅದರ ಒಳಗಿನವರೆಗೆ ಗಾಳಿ ಹೋಗದಾಯಿತು. ಒಂದು ದಿನ ಮಗು ಏದುಸಿರು ಬಿಡತೊಡಗಿತು.

ತಂಗಿ ಹೊರಟಿದ್ದ ಗಾಳಿಯನ್ನು ಕೂಗಿದಳು. "ನನ್ನ ಮಗುವಿನ ಹತ್ತಿರ ಬಾರಪ್ಪ."

"ಬರ್ತೀನಿ," ಅಂದಿತು ಗಾಳಿ.

ತಂಗಿ ಬಾಗಿಲಲ್ಲಿ ಕಾದಳು. ಅಲೆ ಬಂತು, ಅಲೆ ಹೋಯಿತು. ಗಾಳಿ ಬರಲಿಲ್ಲ. ಮಗು ನೀಲಿಗಟ್ಟಿತು.

"ಬರ್ತೀನಿ ಅಂದಿತ್ತಲ್ಲಕ್ಕಾ!"

ಅಕ್ಕ ದಂಗಾದಳು. "ಅಯ್ಯೋ ಪೆದ್ದಿ! ಅದು ಹೊರಟವರು ಹೇಳೋ ಮಾತು. ಬರ್ತೀನಿ ಅಂದರೆ ಹೋಗ್ತೀನಿ ಅಂತ ಕಣೇ!"

ಕಡಲ ತಳದಲ್ಲಿ ಬಿದ್ದಿದ್ದ ಕಬ್ಬಿಣ ಇದನ್ನು ಕೇಳಿಸಿಕೊಂಡಿತು. "ಅದನ್ನು ನಾನು ಕೈಹಿಡಿದು ಕರೆತರ್ತೀನಿ. ಮಗುವಿನ ಹತ್ತಿರ ಬಿಡ್ತೀನಿ."

"ನೀನು ಹಿಡಿದರೆ ಬಿಡೋ ಪೈಕಿಯಾ?" ಅಕ್ಕ ಗದರಿದಳು. "ತಬ್ಬಿಕೊಂಡು ತುಕ್ಕು ಹಿಡೀತೀಯ."

"ಕೂರೋಕೆ ಮಣೆ ಕೊಟ್ಟರೆ ಮರ್ಯಾದೆಯಿಂದ ಇರ್ತೀನಿ."

"ಇರೋದೊಂದೇ ಮಣೆ," ಅಂದಳು ತಂಗಿ.

"ಹಾಗಾದರೆ ಕೂತಿರೋರು ಏಳಬೇಕು."

ತಂಗಿ ಮಗುವನ್ನು ನೋಡಿದಳು. "ಅಮ್ಮಾ, ಏಳಮ್ಮ," ಅಂದಳು.

ಮೆಗ್ನೀಸಿಯಮ್ಮ ಎದ್ದಳು. ಹೊಸ್ತಿಲು ದಾಟುವಾಗ ತಿರುಗಿ, "ಹೋಗ್ತೀನಿ," ಅಂದಳು.

ಅಕ್ಕ ಬಾಯಿ ಮುಚ್ಚಿಕೊಂಡಳು. ಹೊಸ್ತಿಲಲ್ಲಿ ನಿಂತು ಆ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ.

ಕಬ್ಬಿಣ ಮಣೆಯ ಮೇಲೆ ಕೂತಿತು. ಮನೆಯೆಲ್ಲ ಕೆಂಪಾಯಿತು. ಹೇಳಿದ ಹಾಗೆಯೇ ಅದು ಗಾಳಿಯನ್ನು ಹಿಡಿದು ತಂದಿತು, ಮಗುವಿನ ಒಳಗೆ ಬಿಟ್ಟಿತು, ಮತ್ತೆ ತರಲು ಓಡಿತು. ಮಗು ಉಸಿರೆಳೆಯಿತು. ಕಣ್ಣು ಬಿಟ್ಟಿತು. ನಕ್ಕಿತು.

ಆಮೇಲೆ ಅಂದಿತು: "ಅಮ್ಮ, ಹಸಿವು."

ತಂಗಿ ಒಲೆಯ ಕಡೆ ತಿರುಗಿದಳು. ಬಿಸಿಲು ಬಿದ್ದಿತ್ತು. ಒಲೆ ತಣ್ಣಗಿತ್ತು. ಬಿಸಿಲಿಗೆ ಒಡ್ಡಿದಳು, ಮತ್ತೆ ಒಡ್ಡಿದಳು. ತಣ್ಣಗೇ ಇತ್ತು.

"ಆಮೇಲೆ?" ಸುರಗಿ ಕೇಳಿದಳು.

"ಮಗುವನ್ನು ಎತ್ತಿಕೊಂಡು ಅಕ್ಕನ ಬಾಗಿಲಿಗೆ ಹೋದಳು. ಅಕ್ಕ ಏನೂ ಕೇಳಲಿಲ್ಲ. ತನ್ನ ಕೈಯನ್ನೇ ಮುಂದೆ ಚಾಚಿದಳು. ಮಗು ಕಚ್ಚಿತು."

"ದೊಡ್ಡಮ್ಮನ ಕೈಯನ್ನಾ?"

ಸುರಗಿ ಈಳಿಗೆಮಣೆಯ ಕಡೆ ನೋಡಿದಳು. ಅರ್ಧ ಹೆಚ್ಚಿದ ಸೊಪ್ಪು ಹಾಗೇ ಬಿದ್ದಿತ್ತು.

"ಅದಕ್ಕೇ ಪುಟ್ಟಿ, ಅಕ್ಕನ ಮನೆಯಾದ ಎಲೆ ಇವತ್ತಿಗೂ ಹಸಿರು, ತಂಗಿಯ ಮನೆಯಾದ ನಿನ್ನ ರಕ್ತ ಕೆಂಪು," ಅಂದರು ತಾತ. "ಪ್ರತಿದಿನ ನಮ್ಮ ತಟ್ಟೆಗೆ ಬರೋದು ಆ ಕೈ."