ದೊರೆಹಾಸು ಬಂಡೆ

ಸ್ಕಾಟ್ಲೆಂಡಿನ ದೊರೆಗಳು ಕುಲಕ್ಕೊಂದು ಚೌಕಳಿ ಬಟ್ಟೆ ಹೊದ್ದು ಮೆರೆಯುತ್ತಾರಲ್ಲ, ಅದರಲ್ಲೊಂದು ಚೌಕಳಿ ತಮ್ಮ ಮನೆಯ ಮಗ್ಗದಲ್ಲೇ ಹುಟ್ಟಿತೆಂದು ಕೆಂಚನಹಾಳದ ರಾಚಪ್ಪಜ್ಜ ಹೇಳಿದರೆ, ಅಲ್ಲವೆನ್ನಲು ಆ ಕಾಲದವರು ಯಾರೂ ಉಳಿದಿಲ್ಲ. ಊರ ಪಡುವಣದ ಗುಡ್ಡದ ಬುಡದಲ್ಲಿ ನೆರಳಿಲ್ಲದ, ಉದ್ದನೆಯ ಒಂದು ಚಪ್ಪಟೆ ಬಂಡೆ ಇಂದಿಗೂ ಮಲಗಿದೆ. ಗಾಳಿ ಅಲ್ಲಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ನೋಡಬಂದವರನ್ನು ಅಜ್ಜ ಅಲ್ಲಿಗೇ ಕರೆದೊಯ್ದು, ಕೂರಲೂ ಬಿಡದೆ ಶುರು ಮಾಡುತ್ತಾನೆ.

ಹಿಂದೆ ಒಮ್ಮೆ ಕುಂಪಣಿಯ ದಂಡು ಈ ಬಂಡೆಯ ಸುತ್ತ ಡೇರೆ ಹೊಡೆದಿತ್ತಂತೆ. ಅದರಲ್ಲೊಬ್ಬ ಸ್ಕಾಟ್ಲೆಂಡಿನ ದೊರೆ, ಅವನ ಬೆನ್ನಿಗೆ ಅವನ ಕುಲದ ಬಂಟರು. ಕುಲದ ಚೌಕಳಿ ಹೊದ್ದವನೇ ಅವರಿಗೆ ನಾಯಕ. ಹೊದೆಯದವನ ಹಿಂದೆ ಒಂದು ಹೆಜ್ಜೆಯನ್ನೂ ಎತ್ತಿಡುವವರಲ್ಲ. ಒಗೆದು ಒಣಹಾಕಿದ್ದ ಆ ಒಂದೇ ಹೊದಿಕೆಯನ್ನು ತೋಪಿನ ಗಾಡಿಯ ಎತ್ತು ಮೇದುಬಿಟ್ಟಿತು ಎನ್ನುತ್ತಾರೆ. ಸಂಜೆಗೆ ದಂಡು ಹೊರಡಬೇಕು. ದೊರೆ ಡೇರೆಯ ಮುಂದೆ ಶತಪಥ ಹಾಕುತ್ತಿದ್ದಾನೆ. ಅವನ ದಾಯಾದಿ ಮೀಸೆ ನೀವುತ್ತ ಹೊತ್ತು ನೋಡುತ್ತಿದ್ದಾನೆ. ಹೊದಿಕೆ ಬಾರದಿದ್ದರೆ, ಕುಲದ ಕಟ್ಟಳೆಯಂತೆ ನಾಯಕತನ ದಾಯಾದಿಯ ಪಾಲು.

ಆಗ ಅಜ್ಜನ ಮುತ್ತಜ್ಜಿಯ ಮುತ್ತಜ್ಜಿ, ನೇಕಾರರ ಚಂದವ್ವನಿಗೆ ಕರೆ ಹೋಯಿತು. ಯಾವ ಬಣ್ಣದ ಪಕ್ಕ ಯಾವ ಬಣ್ಣವೆಂದು ಅವಳು ದುಭಾಷಿಯ ಕೈಲಿ ಕೇಳಿಸಿದಳು. ಒಬ್ಬ ಬಂಟ ಕೆಂಪಿನ ಪಕ್ಕ ಹಸಿರು ಎಂದ, ಇನ್ನೊಬ್ಬ ಕೆಂಪೇ ಇರಲಿಲ್ಲ ಎಂದ; ಕತ್ತಿ ಹಿರಿಯುವುದೊಂದು ಬಾಕಿ. ಹುಟ್ಟಿದಂದಿನಿಂದ ಕಂಡ ಬಟ್ಟೆ, ಒಬ್ಬರಿಗೂ ನೆನಪಿಲ್ಲ. ದೊರೆಗೂ ಇಲ್ಲ. ಚಂದವ್ವ ಯಾರ ಮಾತಿಗೂ ಕಾಯದೆ, ಸೀರೆಗೆಂದು ತೆಗೆದಿಟ್ಟಿದ್ದ ಕೆಂಪು, ಕಪ್ಪು ನೂಲು ತರಿಸಿ, ಬಂಡೆಯುದ್ದಕ್ಕೂ ನೇಯ್ಗೆಯ ಉದ್ದೆಳೆಗಳನ್ನು ಎಳೆದು ಹಾಸು ಹೂಡಿದಳು. ಊರ ನೇಕಾರರೆಲ್ಲ ಕೈಹಚ್ಚಿ, ಆ ಹಾಸನ್ನು ಅವಳ ಮನೆಯ ಮಗ್ಗಕ್ಕೇರಿಸಿ ನೇಯ್ದು, ಹೊತ್ತು ಮುಳುಗುವ ಮುನ್ನ ಹೊದಿಕೆಯನ್ನು ಮಗ್ಗದಿಂದ ಇಳಿಸಿದರು. ದೊರೆ ಅದನ್ನು ಬಿಡಿಸಿ ನೋಡಿದ. ಮತ್ತೆ ನೋಡಿದ. "ಇದೇ" ಎಂದ. ಬಂಟರೂ ಇದೇ ಇದೇ ಎಂದರು. ದಾಯಾದಿ ಬಾಯಿ ತೆರೆದ. ಇದಲ್ಲವೆಂದರೆ ಯಾವುದೆಂದು ಹೇಳಬೇಕಲ್ಲ, ಮುಚ್ಚಿಕೊಂಡ. ದೊರೆಯ ಹಾಸು ಹೂಡಿದ ಕಲ್ಲಿಗೆ ಅಂದಿನಿಂದ ದೊರೆಹಾಸು ಬಂಡೆ ಎಂದೇ ಹೆಸರಾಯಿತು.

ಬಂಡೆಯುದ್ದಕ್ಕೂ ಎಳೆದಂತಿರುವ ಕೆಂಪು, ಕಪ್ಪು ಗೆರೆಗಳನ್ನು ಬಂದವರು ಈಗಲೂ ಮುಟ್ಟಿ ನೋಡುತ್ತಾರೆ. ಅದು ಚಂದವ್ವನ ನೂಲಿನದೇ ಬಣ್ಣವೆಂದು ಮೊನ್ನೆ ಅಜ್ಜ ಎದೆಯುಬ್ಬಿಸಿದಾಗ, ಮಗ್ಗ ಬಿಟ್ಟು ಬಂದು ನಿಂತಿದ್ದ ಸೊಸೆ ನೀಲವ್ವ ಕೇಳಿಯೇಬಿಟ್ಟಳು.

"ಮಾವಾರ, ಸೀರಿಗಂತ ತೆಗೆದಿಟ್ಟ ನೂಲು ಒಣಗಿದ್ದ ಇರತದಲ್ರಿ. ಕಲ್ಲಿಗೆ ಬಣ್ಣ ಹ್ಯಾಂಗ ಹತ್ತಿತು?"

ಅಜ್ಜ ಗೆರೆಯನ್ನು ನೋಡಿದ, ಸೊಸೆಯನ್ನು ನೋಡಿದ, ಹೆಗಲು ಕುಣಿಸಿದ.

"ಅವತ್ತು ಭಾಳ ಅವಸರ ಇತ್ತವ್ವಾ."